ಹುಳು ಹಣ್ಣಾದ ಭಾನುವಾರ

ನಮ್ಮ ಸಂಘಕ್ಕೆ ಓಟಿನ ಚೀಟಿಯಲ್ಲಿ ಸಿಕ್ಕ ಗುರುತು ಛತ್ರಿ. ಸಿಕ್ಕಿದ್ದೇನು, ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ನಮ್ಮ ಸೆಕ್ರೆಟರಿ ತಾವಾಗಿ ಕೇಳಿ ಪಡೆದದ್ದು. ಮಳೆಗೂ ಆಗುತ್ತದೆ, ಬಿಸಿಲಿಗೂ ಆಗುತ್ತದೆ, ಕಾರ್ಮಿಕರ ತಲೆ ಕಾಯುತ್ತದೆ ಎಂದು ಅವರು ಕಾರ್ಖಾನೆಯ ಗೇಟಿನ ಮುಂದೆ ನಿಂತು ಭಾಷಣ ಮಾಡಿದಾಗ ನಾವು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡೆವು. ನಮ್ಮ ಕಡೆ ಒಬ್ಬನನ್ನು ಛತ್ರಿ ಎಂದರೆ ಅವನು ಮಹಾ ಕಿಲಾಡಿ, ಅವನ ಸಹವಾಸ ಬೇಡ ಎಂದು ಅರ್ಥ. ಸೆಕ್ರೆಟರಿ ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಅವರಿಗೆ ಈ ಅರ್ಥ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಆಮೇಲೆ ಊರೂರು ತಿರುಗುವಾಗ "ಛತ್ರಿಗಳ್ಗೆ ಓಟಾಕು ಅಂತ ಕೇಳಕ್ಕೆ ಬಂದಿದ್ದೀಯಲ್ಲ, ನಾಚ್ಕೆ ಆಗಕಿಲ್ವಾ ನಿಂಗೆ?" ಎಂದು ಜನ ನನ್ನನ್ನು ರೇಗಿಸಿದರೆ, ಅವರು ಪಕ್ಕದಲ್ಲಿ ನಿಂತು ತಾವೂ ಸಂತೋಷವಾಗಿ ನಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಹಾರೋಹಳ್ಳಿಯಲ್ಲಿ ಒಂದು ಕಾರ್ಖಾನೆಯ ಬೆನ್ನಿಗೆ ಇನ್ನೊಂದು ಏಳುತ್ತಿತ್ತು. ನಮ್ಮದು ಷರಟು ಹೊಲಿಯುವ ಕಾರ್ಖಾನೆ. ನಾನು ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಯ ಮಗಳು, ಮದುವೆಯಾಗಿ ಕನಕಪುರಕ್ಕೆ ಬಂದವಳು. ಅಲ್ಲಿಂದ ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ ಕಾಲರ್ ಕೂಡಿಸುತ್ತಿದ್ದೆ. ಒಂದೇ ಕಾಲರನ್ನು ಬೆಳಗಿನಿಂದ ಸಂಜೆಯವರೆಗೆ ಕೂಡಿಸಿದರೆ ಮನುಷ್ಯರಿಗೆ ಏನಾಗುತ್ತದೆ ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ಏನೂ ಆಗುವುದಿಲ್ಲ. ಮನೆಗೆ ಬಂದು ಮುದ್ದೆ ತಿರುವುವಾಗ ಕೈ ತನ್ನ ಪಾಡಿಗೆ ತಿರುವುತ್ತದೆ, ಗಂಡ ಏನೋ ಹೇಳುತ್ತಾನೆ, ಕಿವಿ ಕೇಳಿಸಿಕೊಳ್ಳುತ್ತದೆ, ನಾನು ಎಲ್ಲೂ ಇರುವುದಿಲ್ಲ. ಆ ವರ್ಷಗಳ ಬಗ್ಗೆ ನೆನೆದಾಗ ನನಗೆ ಸಿಟ್ಟೂ ಬರುವುದಿಲ್ಲ, ಅಳುವೂ ಬರುವುದಿಲ್ಲ.

ಓಟು ನಮ್ಮ ಕಾರ್ಖಾನೆಯೊಳಗಿನದು. ಎರಡು ಸಂಘಗಳಿದ್ದವು. ನಮ್ಮದು ಹಳೆಯದು. ಇನ್ನೊಂದನ್ನು ಸೂಪರ್‌ವೈಸರುಗಳು ಬೆನ್ನು ತಟ್ಟಿ ಎಬ್ಬಿಸಿದ್ದರು, ಅದರ ಗುರುತು ಬಿಂದಿಗೆ. ಯಾವ ಸಂಘಕ್ಕೆ ಹೆಚ್ಚು ಓಟು ಬರುತ್ತದೋ ಅದು ಮ್ಯಾನೇಜ್‌ಮೆಂಟಿನ ಜೊತೆ ಕೂತು ಮುಂದಿನ ಒಪ್ಪಂದಕ್ಕೆ ಸಹಿ ಹಾಕಬೇಕು. ಎರಡೂ ಸಂಘಗಳ ಬೇಡಿಕೆಗಳು ಹೆಚ್ಚುಕಡಿಮೆ ಒಂದೇ. ಸಂಬಳ, ಬಸ್ಸು, ಕ್ಯಾಂಟೀನಿನ ಸಾರು. ವ್ಯತ್ಯಾಸ ಇದ್ದದ್ದು ಒಂದೇ ಒಂದು. ನಮ್ಮ ಪಟ್ಟಿಯ ಮೊದಲ ಬೇಡಿಕೆ ಅಕ್ಕನನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಬೇಕು ಎಂಬುದು. ಅವರ ಪಟ್ಟಿಯಲ್ಲಿ ಅಕ್ಕ ಇರಲಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಮೂರನೇ ಲೈನಿನಲ್ಲಿ ತೋಳು ಹೊಲಿಯುತ್ತಿದ್ದವಳು, ಲೈನಿಗೆಲ್ಲ ಅಕ್ಕ. ಒಂದು ಬೇಸಗೆಯ ಮಧ್ಯಾಹ್ನ ಪಕ್ಕದ ಮೆಷಿನ್ನಿನ ಹುಡುಗಿ ತಲೆ ಸುತ್ತಿ ಬಿದ್ದಳು. ಸೂಪರ್‌ವೈಸರ್ ಬರುವವರೆಗೆ ಯಾರೂ ಏಳಬಾರದು ಎಂಬುದು ನಿಯಮ. ಅಕ್ಕ ಎದ್ದಳು. ಹುಡುಗಿಯನ್ನು ಹೊತ್ತುಕೊಂಡು ನರ್ಸಮ್ಮನ ಕೋಣೆಗೆ ಹೋದಳು. ಅವಳು ಎದ್ದದ್ದು ನೋಡಿ ಲೈನಿಗೆ ಲೈನೇ ಎದ್ದಿತು. ಅದನ್ನು ಕೆಲಸ ನಿಲ್ಲಿಸಲು ಕುಮ್ಮಕ್ಕು ಎಂದು ಬರೆದು, ವಿಚಾರಣೆ ಮಾಡಿದ ಶಾಸ್ತ್ರ ಮಾಡಿ, ಅವಳನ್ನು ತೆಗೆದುಹಾಕಿದರು. ಗಂಡ ತೀರಿಹೋಗಿದ್ದ, ಮಗಳು ಹೈಸ್ಕೂಲು. ಅಕ್ಕನಿಗೆ ಬೇರೆ ಕಾರ್ಖಾನೆಯವರೂ ಕೆಲಸ ಕೊಡಲಿಲ್ಲ. ಹಾರೋಹಳ್ಳಿಯಲ್ಲಿ ಒಂದು ಗೇಟಿನ ಸುದ್ದಿ ಇನ್ನೊಂದು ಗೇಟಿಗೆ ಬಸ್ಸಿಗಿಂತ ಮುಂಚೆ ತಲುಪುತ್ತಿತ್ತು.

"ನಂಗೆ ಪರಿಹಾರ ಗಿರಿಹಾರ ಬ್ಯಾಡ ಕಣೆ. ನನ್ ಮೆಷಿನ್ ಕೊಟ್ಬುಟ್ರೆ ಸಾಕು," ಎನ್ನುತ್ತಿದ್ದಳು. ಮೆಷಿನ್ನಿನ ವಿಷಯವನ್ನು ಅವಳು ಮನೆಯ ಎಮ್ಮೆಯ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. ಈಗ ಅದರಲ್ಲಿ ಯಾರು ಕೂತಿದ್ದಾರೆ, ಎಣ್ಣೆ ಬಿಡುತ್ತಾರಾ, ಸೂಜಿ ಮುರಿಯುತ್ತಾರಾ ಎಂದು ನನ್ನನ್ನು ಕೇಳುತ್ತಿದ್ದಳು. ಅದರಲ್ಲಿ ಕೂತಿದ್ದವಳು ಚೆನ್ನಾಗಿಯೇ ಹೊಲಿಯುತ್ತಿದ್ದಳು. ನಾನು ಹೇಳುತ್ತಿರಲಿಲ್ಲ.

ಓಟಿಗೆ ಒಂದು ವಾರ ಮುಂಚೆ, ಭಾನುವಾರ, ನಾನೂ ಸೆಕ್ರೆಟರಿಯೂ ಸಾತನೂರು ರಸ್ತೆಯ ಊರುಗಳಿಗೆ ಹೋದೆವು. ನಮ್ಮ ಸದಸ್ಯರು ಗಟ್ಟಿಯಾಗಿ ಇದ್ದದ್ದು ಆ ಕಡೆಯೇ. ಅಕ್ಕ ಬರುವ ಹಾಗಿರಲಿಲ್ಲ. ತೆಗೆದುಹಾಕಿದವಳು ಮನೆಮನೆಗೆ ಬಂದು ಹೆದರಿಸಿದಳು ಎಂದು ಬಿಂದಿಗೆಯವರು ದೂರು ಕೊಟ್ಟಾರು ಎಂಬ ಭಯ. ಮುಂದಿನ ಭಾನುವಾರ ಹಾರೋಹಳ್ಳಿಗೆ ಬಂದು ಕ್ಯಾಂಟೀನಿನಲ್ಲಿ ಓಟು ಹಾಕಿ ಹೋಗಿ, ರಜೆ ದಿನ ಎಂದು ಮನೆಯಲ್ಲಿ ಕೂರಬೇಡಿ, ಇಷ್ಟೇ ನಾವು ಹೇಳಬೇಕಾದ ಮಾತು. ಎಲ್ಲರೂ ಅಕ್ಕನನ್ನು ವಿಚಾರಿಸಿದರು. ಎಲ್ಲರೂ ನೀರು ಕೊಟ್ಟರು. ಆದರೆ ಯಾರೂ ಒಳಗೆ ಕರೆಯಲಿಲ್ಲ, ಜಗಲಿಯ ಮೇಲೇ ನಿಲ್ಲಿಸಿ ಮಾತಾಡಿದರು. ಬರುತ್ತೀಯಾ ಎಂದರೆ ಒಂದೇ ಮಾತು.

"ನಮ್ಮನೇಲಿ ನಾಕ್ನೇ ಜ್ವರ ಕಣಕ್ಕ. ಏಳ್ಲಿ, ನೋಡಾನ."

ಮೊದಲ ಮನೆಯಲ್ಲಿ ನಾನು ಅಯ್ಯೋ ಪಾಪ ಎಂದೆ. ಎರಡನೇ ಮನೆಯಲ್ಲೂ ಜ್ವರ. ಮೂರನೇ ಊರು ಮುಟ್ಟುವ ಹೊತ್ತಿಗೆ ಸೆಕ್ರೆಟರಿ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡಿದ್ದರು. ನಾಲ್ಕು ಸಲ ಮರುಕಳಿಸುವ ಜ್ವರ ಎಂದರೆ ಸಾಮಾನ್ಯದ್ದಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು, ಸಂಘದ ವತಿಯಿಂದ ವೈದ್ಯರನ್ನು ಕರೆತರೋಣ ಎಂದು ಬಸ್ಸಿನಲ್ಲಿ ಉದ್ದಕ್ಕೂ ಹೇಳಿದರು. ನಾನೂ ತಲೆ ಆಡಿಸಿದೆ. ನಮ್ಮ ಚನ್ನಪಟ್ಟಣದಲ್ಲಿ ನೂಲು ಬಿಚ್ಚುವವರ ಬೀದಿಯಲ್ಲಿ ರೇಷ್ಮೆಗೂಡು ಕುದಿಯುವ ವಾಸನೆಯಲ್ಲೇ ಬೆಳೆದವಳು ನಾನು. ಗೂಡು ಗೊತ್ತು, ನೂಲು ಗೊತ್ತು. ಗೂಡು ಕಟ್ಟುವ ಹುಳುವನ್ನು ಮಾತ್ರ ಕಂಡವಳಲ್ಲ.

ಕನಕಪುರದ ನಮ್ಮ ಸಂಘದ ಕೋಣೆಯಲ್ಲಿ ಅಕ್ಕ ಸೀಮೆಎಣ್ಣೆ ಸ್ಟೌವಿನ ಮೇಲೆ ಟೀ ಇಟ್ಟುಕೊಂಡು ಕಾಯುತ್ತಿದ್ದಳು. ಸೆಕ್ರೆಟರಿ ಗಂಭೀರವಾಗಿ ಕೂತು, ಸಾತನೂರು ಕಡೆ ಮನೆಮನೆಗೂ ಜ್ವರ ಹಬ್ಬಿದೆ, ಆದರೆ ಮುಂದಿನ ಭಾನುವಾರದೊಳಗೆ ಎಲ್ಲರೂ ಗುಣವಾಗುತ್ತಾರೆ, ಚಿಂತೆಯಿಲ್ಲ ಎಂದರು.

ಅಕ್ಕ ನಗಲು ಶುರು ಮಾಡಿದಳು. ಕೆಲಸ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಟೀ ಉಕ್ಕಿ ಸ್ಟೌವಿನ ಮೇಲೆ ಚೆಲ್ಲಿತು.

"ಮನ್ಸ್ರಿಗಲ್ಲ ಸಾ ಜ್ವರ, ಹುಳಕ್ಕೆ! ರೇಸ್ಮೆ ಹುಳ ಪೊರೆ ಬುಡಕ್ಕೆ ಮೇವು ನಿಲ್ಸಿ ತಲೆ ಎತ್ಕಂಡು ಕೂತ್ಕತ್ತವೆ. ಅದುಕ್ಕೆ ಜ್ವರ ಅಂತೀವಿ. ನಾಕ್ ದಪ ಜ್ವರ ಬತ್ತವೆ."

ಅವಳ ತವರು ಅದೇ ಸಾತನೂರು ಕಡೆ. ಅವಳ ತಾಯಿ ಹುಳು ಸಾಕುವ ಮನೆಗಳಿಗೆ ಕೂಲಿ ಹೋಗುತ್ತಿದ್ದವಳು. ನಗುನಗುತ್ತಲೇ ಸೆಕ್ರೆಟರಿಗೆ ಮುಂದಿನದನ್ನು ವಿವರಿಸತೊಡಗಿದಳು. ನಾಲ್ಕನೇ ಜ್ವರದಿಂದ ಎದ್ದ ಹುಳು ಒಂದು ವಾರ ಹಗಲೂ ರಾತ್ರಿ ಸೊಪ್ಪು ಮೇಯುತ್ತದೆ. ಆಮೇಲೆ ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಒಂದೊಂದಾಗಿ ಕೈಯಲ್ಲಿ ಆಯ್ದು ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡಮಾಡಿದರೆ ಕಸದ ಮೇಲೇ ನೂಲು ಕಕ್ಕಿ ಹಾಳಾಗುತ್ತದೆ. ಆವತ್ತು ಆ ಮನೆಯಿಂದ ಒಂದು ಆಳೂ ಹೊರಗೆ ಕಾಲಿಡುವುದಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅವಳ ನಗು ನಿಂತಿತು. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು.

"ಎಲ್ಲಾ ಮನೇಲೂ ನಾಕ್ನೇ ಜ್ವರವೇ ಅಂದ್ರಾ?"

ಎಲ್ಲ ಮನೆಯಲ್ಲೂ ಎಂದೆ.

"ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ಮರಿ ಹುಳ ತಂದವ್ರೆ. ಮುಂದಿನ್ ಭಾನ್ವಾರ ಎಲ್ಲಾರ ಮನೇಲೂ ಹಣ್ಣು," ಎಂದಳು. ಸ್ಟೌವ್ ಆರಿಸಿ, ಚೆಲ್ಲಿದ ಟೀ ಒರೆಸಿದಳು.

ದಿನ ಬದಲಿಸುವುದಕ್ಕೆ ಆಗಲಿಲ್ಲ. ಎರಡೂ ಸಂಘ, ಮ್ಯಾನೇಜ್‌ಮೆಂಟು, ಲೇಬರ್ ಆಫೀಸು ಸೇರಿ ಗೊತ್ತುಮಾಡಿದ ದಿನ. ಹುಳು ಹಣ್ಣಾಗುತ್ತದೆ ಎಂದು ಸೆಕ್ರೆಟರಿ ಅರ್ಜಿ ಬರೆದರು. ಲೇಬರ್ ಆಫೀಸಿನಲ್ಲಿ ಅದನ್ನು ಓದಿದವರು ಏನು ಅಂದುಕೊಂಡರೋ, ಬಿಂದಿಗೆಯವರು ಮಾತ್ರ ಒಪ್ಪಲಿಲ್ಲ. ಅವರಿಗೆ ಹುಳುವಿನ ಲೆಕ್ಕ ನಮಗಿಂತ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಅವರಲ್ಲೂ ಅದೇ ಊರುಗಳವರು ಇದ್ದರಲ್ಲ.

ದಾರಿ ಹುಡುಕಿದ್ದು ಅಕ್ಕನೇ. "ಮುಯ್ಯಾಳು ಹೋಗಾನ," ಎಂದಳು. ಆ ಕಡೆ ನಾಟಿಗೆ, ಕುಯ್ಲಿಗೆ, ಹುಳು ಹಣ್ಣಾದಾಗ ಆಳು ಸಾಲದಿದ್ದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ದುಡಿಯುತ್ತಾರೆ. ಕೂಲಿ ಕೊಡುವುದಿಲ್ಲ. ನೀನು ನನ್ನ ಮನೆಗೆ ಒಂದು ದಿನ ಬಂದರೆ ನಾನು ನಿನ್ನ ಮನೆಗೆ ಒಂದು ದಿನ ಬರಬೇಕು. ಅದಕ್ಕೆ ಮುಯ್ಯಿ ಎನ್ನುತ್ತಾರೆ. ನಮ್ಮಲ್ಲಿ ಓಟಿಲ್ಲದ ಮನೆಯವರು, ಗಂಡಂದಿರು, ನಾದಿನಿಯರು, ಆ ಊರುಗಳಿಗೆ ಹೋಗಿ ಹುಳು ಆಯಬೇಕು, ಸದಸ್ಯರು ಹೋಗಿ ಓಟು ಹಾಕಿ ಬರಬೇಕು. ಅವರು ತೀರಿಸುವ ಮುಯ್ಯಿ ಆ ಓಟೇ.

"ನಂಗಂತೂ ಓಟಿಲ್ಲ. ನನ್ ಓಟ್ನ ಅವ್ರೇ ಕಿತ್ಕಂಡವ್ರೆ. ಕೈ ಅವೆ," ಎಂದಳು ಅಕ್ಕ. ಸೆಕ್ರೆಟರಿಯ ಕಣ್ಣು ಒದ್ದೆಯಾಯಿತು. ನನಗೆ ಏನೂ ಅನ್ನಿಸಲಿಲ್ಲ. ಭಾನುವಾರವೂ ದುಡಿಯಬೇಕಲ್ಲ ಎಂದು ಬೇಸರವಾಯಿತು, ಅಷ್ಟೇ.

ಆ ಭಾನುವಾರ ನಾನು ಕ್ಯಾಂಟೀನಿನಲ್ಲಿ ಮೊದಲ ಸಾಲಿನಲ್ಲೇ ನಿಂತು ಛತ್ರಿಗೆ ಒತ್ತಿ, ಹಾರೋಹಳ್ಳಿಯಿಂದ ಕನಕಪುರ, ಅಲ್ಲಿಂದ ಸಾತನೂರು ಬಸ್ಸು ಹಿಡಿದು ಆ ಊರಿಗೆ ಹೋದೆ. ಅಕ್ಕ ಬೆಳಗಿನ ಮೊದಲ ಬಸ್ಸಿಗೇ ಹೋಗಿದ್ದಳು. ಓಟು ಕೇಳುವುದಕ್ಕಲ್ಲ, ಮುಯ್ಯಿಗೆ ಹೋದವಳ ಮೇಲೆ ದೂರು ಕೊಡುವ ಹಾಗಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಬಟನ್ ಮೆಷಿನ್ನಿನ ಹುಡುಗಿಯ ಮನೆ. ಆವತ್ತು ತಲೆ ಸುತ್ತಿ ಬಿದ್ದವಳಲ್ಲ, ಇವಳು ಬೇರೆ, ಹುಡುಗಿ ಎಂದರೂ ಮದುವೆಯಾದವಳು. ನಮ್ಮ ಲೈನಿನವಳೇ, ಅಕ್ಕನ ತಟ್ಟೆಯಲ್ಲಿ ಕೈ ಹಾಕಿ ಉಣ್ಣುತ್ತಿದ್ದವಳು.

ಎಷ್ಟೋ ಮನೆಗಳಲ್ಲಿ ನಮ್ಮ ಮುಯ್ಯಾಳುಗಳನ್ನು ಒಳಗೆ ಬಿಟ್ಟೇ ಇರಲಿಲ್ಲ. ಹೊರಗಿನವರು ಕಾಲಿಟ್ಟರೆ ಹುಳುವಿಗೆ ರೋಗ ಬರುತ್ತದೆ ಎಂಬ ಹೆದರಿಕೆ ಅವರದು. ಸೆಕ್ರೆಟರಿಯ ಹೆಂಡತಿ ಪಾಪ ಬೆಂಗಳೂರಿನಿಂದ ಬಂದು ಒಂದು ಮನೆಯ ಜಗಲಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಬಟನ್ ಹುಡುಗಿಯ ಅತ್ತೆ ಮಾತ್ರ ನನ್ನನ್ನು ಬಾಗಿಲಲ್ಲಿ ತಡೆದು ಪರೀಕ್ಷೆ ಮಾಡಿದಳು.

"ಪೌಡ್ರು ಹಾಕಿದ್ದೀಯಾ? ಹೊಗೆಸೊಪ್ಪು ಗಿಗೆಸೊಪ್ಪು ತಿಂತೀಯಾ? ಹೊರಗಾಗಿಲ್ಲ ತಾನೆ?"

ಇಲ್ಲ, ಇಲ್ಲ, ಇಲ್ಲ ಎಂದೆ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿಸಿ ಒಳಗೆ ಬಿಟ್ಟಳು. ಕಾರ್ಖಾನೆಯ ಗೇಟಿನಲ್ಲಿ ಇಷ್ಟು ತಪಾಸಣೆ ಇರಲಿಲ್ಲ. ಬಟನ್ ಹುಡುಗಿ ಆಗಲೇ ಸೀರೆ ಬದಲಿಸಿ ಹೊರಟಿದ್ದಳು. "ಬಿರ್ನೆ ಬಂದ್ಬುಡು, ಮುಯ್ಯಾಳು ಬಂದವ್ರೆ," ಎಂದು ಅತ್ತೆ ಕೂಗಿ ಹೇಳಿದಳು. ಹುಡುಗಿ ಅಕ್ಕನ ಮುಖ ನೋಡದೆ "ಬತ್ತೀನಿ ಕಣಕ್ಕ" ಎಂದು ಹೋದಳು. ಅವಸರ ಎಂದುಕೊಂಡೆ.

ಹುಳುವಿನ ಮನೆಯೊಳಗೆ ಕತ್ತಲು, ಸೊಪ್ಪಿನ ಹಸಿ ವಾಸನೆ. ಹುಳುಗಳು ಮೇಯುವುದನ್ನು ನಿಲ್ಲಿಸಿ ಅಗಲವಾದ ಬಿದಿರು ತಟ್ಟೆಯ ಅಂಚಿಗೆ ಹರಿದುಬಂದು, ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಬೆರಳಿನಲ್ಲಿ ಹಿಡಿದರೆ ತಣ್ಣಗೆ, ಮೆತ್ತಗೆ. ಮೊದಲು ಹೇಸಿಗೆಯಾಯಿತು, ಆಮೇಲೆ ಅದೂ ಹೋಯಿತು. ಆಯುವುದು, ಬುಟ್ಟಿಗೆ ಹಾಕುವುದು, ಚಂದ್ರಿಕೆಯ ಮೇಲೆ ಹರಡುವುದು. ಕಾಲರಿನ ಹಾಗೇ. ಅಕ್ಕನ ಕೈ ನನಗಿಂತ ಬಹಳ ಬೇಗ ಓಡುತ್ತಿತ್ತು. ಹಸಿರು ಇನ್ನೂ ಉಳಿದಿರುವ ಹುಳುವನ್ನು ನಾನು ಎತ್ತಿದರೆ ನನ್ನ ಕೈಯಿಂದ ತೆಗೆದು ಮತ್ತೆ ಸೊಪ್ಪಿನ ಮೇಲೆ ಬಿಡುತ್ತಿದ್ದಳು. "ಅದುಕ್ಕೆ ಇನ್ನೂ ಒಸಿ ಹಸಿವೈತೆ, ಬುಡು."

"ಅಕ್ಕ, ಗೆಲ್ತೀವಾ?" ಎಂದೆ.

"ಸೋಮ್ವಾರವೇ ಬಾ ಅಂದ್ರೆ ಮಗಳ್ಗೆ ಬುತ್ತಿ ಕಟ್ಟಾದು ಹೆಂಗೆ ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ," ಎಂದಳು.

ಮಧ್ಯಾಹ್ನ ಉಂಡು ಮತ್ತೆ ಕೂತ ಮೇಲೆ ಹೊರಗೆ ಗಾಡಿ ನಿಂತ ಸದ್ದಾಯಿತು. ಬಾಗಿಲಿನಿಂದ ಇಣುಕಿದೆ. ಬಿಂದಿಗೆಯ ಚಿತ್ರ ಅಂಟಿಸಿದ ಟೆಂಪೋದಿಂದ ಬಟನ್ ಹುಡುಗಿ ಇಳಿಯುತ್ತಿದ್ದಳು. ಅದರಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ. ಅವರ ಗಾಡಿ ಹತ್ತಿ, ಅವರ ಬಿರಿಯಾನಿ ತಿನ್ನಿ, ನಮ್ಮ ಗುರುತಿಗೆ ಒತ್ತಿ ಎಂದು ನಾವೇ ಎಲ್ಲರಿಗೂ ಹೇಳಿಕೊಟ್ಟಿದ್ದೆವು. ಅವಳು ಹಳೇ ಸೀರೆ ಸುತ್ತಿಕೊಂಡು ಬಂದು, ಕಾಲು ತೊಳೆದು, ಅಕ್ಕನ ಎದುರಿನ ತಟ್ಟೆಗೆ ಕೂತು ಆಯತೊಡಗಿದಳು. ಓಟು ಹಾಕಿದೆಯಾ ಎಂದೆ. ಹೂಂ ಎಂದಳು. ಜನ ಬಂದಿದ್ದರಾ ಎಂದೆ. ಹೂಂ ಎಂದಳು.

ಸಂಜೆ ಸೆಕ್ರೆಟರಿಯ ಫೋನು ಬಂತು. ಆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ತಿಪ್ಪೆಯ ಪಕ್ಕ ನಿಂತರೆ ಮಾತ್ರ. ಅಲ್ಲಿ ನಿಂತು ಕೇಳಿದೆ. ಸೋತಿದ್ದೆವು. ಅಂತರ ಒಂದು ಲೈನಿನ ಜನರಷ್ಟೂ ಇರಲಿಲ್ಲ. ಸಾತನೂರು ಕಡೆಯಿಂದ ಬಂದವರೇ ಕಡಿಮೆ ಎಂದರು, ಪುಸ್ತಕದ ಕನ್ನಡದಲ್ಲಿ ಹೋರಾಟ ಮುಂದುವರಿಯುತ್ತದೆ ಎಂದರು. ಮುಂದುವರಿಯಲಿಲ್ಲ. ಆಮೇಲೆ ಆದ ಒಪ್ಪಂದದಲ್ಲಿ ಸಂಬಳ ಬಂತು, ಬಸ್ಸು ಬಂತು, ಸಾರಿನಲ್ಲಿ ಬೇಳೆಯೂ ಬಂತು. ಅಕ್ಕನ ಕೇಸು ಕೋರ್ಟಿನಲ್ಲಿ ಉಳಿಯಿತು. ನಾನು ಆ ಸಂಬಳ ಎಣಿಸಿಕೊಂಡು, ಆ ಬಸ್ಸು ಹತ್ತಿ, ಆ ಸಾರು ಉಂಡೆ.

ಒಳಗೆ ಹೋಗಿ ಹೇಳಿದೆ. ಹೇಗೆ ಹೇಳುವುದು ಎಂದು ಯೋಚಿಸಲೂ ಇಲ್ಲ. "ಸೋತ್ವಂತೆ ಅಕ್ಕ" ಎಂದೆ, ಕರೆಂಟು ಹೋಯಿತಂತೆ ಎನ್ನುವ ಹಾಗೆ. ಮನಸ್ಸು ಕೈಬೆರಳಿನ ಹಾಗೆ ಮರಗಟ್ಟಿತ್ತು. ಒಂದು ಹುಳು ಅಕ್ಕನ ಮಣಿಕಟ್ಟಿನವರೆಗೆ ಹತ್ತಿತು. ಅದನ್ನು ಬಿಡಿಸಿ ಬುಟ್ಟಿಗೆ ಹಾಕಿದಳು.

ಆಗ ಬಟನ್ ಹುಡುಗಿ ತಲೆ ಎತ್ತದೆ ಹೇಳಿದಳು.

"ನಾನೂ ಬಿಂದ್ಗೆಗೇ ಹಾಕ್ದೆ ಅಕ್ಕ."

ಅವಳ ಅತ್ತೆ ಗೋಡೆಗೆ ಚಂದ್ರಿಕೆ ಒರಗಿಸುತ್ತಿದ್ದವಳು ನಮ್ಮ ಕಡೆ ತಿರುಗಲಿಲ್ಲ.

"ನಮ್ ಮೈದ್ನನ್ನ ಕಟಿಂಗ್ ಸೆಕ್ಷನ್ನಿಗೆ ತಕತೀವಿ ಅಂದವ್ರೆ. ಅತ್ತೆ ಮಾತ್ ಕೊಟ್ಬುಟ್ಟಿದ್ರು. ನೀನೇ ನಮ್ಮನೆಗೆ ಬತ್ತೀಯ ಅಂತ ನಂಗೊತ್ತಿರ್ನಿಲ್ಲ ಕಣಕ್ಕ. ಬೆಳಿಗ್ಗೆ ನಿನ್ನ ನೋಡಿ ಹೇಳ್ಬುಡಾನ ಅನ್ಕಂಡೆ. ಹೇಳಿದ್ರೆ ನೀವಿಬ್ರೂ ಎದ್ದೋಯ್ತಿದ್ರಿ, ಹುಳ ಹಾಳಾಯ್ತಿತ್ತು."

ನನಗೆ ಆಗ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದ ಸಿಟ್ಟು. ಕೈಯಲ್ಲಿದ್ದ ಬುಟ್ಟಿಯನ್ನು ನೆಲಕ್ಕೆ ಬಡಿದು ಎದ್ದು ಹೋಗಬೇಕು ಎನಿಸಿತು. ಅಕ್ಕನ ಮುಖ ನೋಡಿದೆ. ಅವಳು ಎದುರಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ಇದ್ರಲ್ಲಿ ಇನ್ನೂ ಅವೆ. ಕತ್ಲಾಗಕ್ಕೆ ಮುಂಚೆ ಮುಗ್ಸಾನ," ಎಂದಳು.

ಮುಗಿಸಿದೆವು. ಮೂವರೂ ಒಂದೇ ತಟ್ಟೆಯಲ್ಲಿ ಆಯ್ದು, ಕೊನೆಯ ಚಂದ್ರಿಕೆಯನ್ನೂ ತುಂಬಿ ನಿಲ್ಲಿಸಿದೆವು. ಹೊರಗೆ ಬಂದು ಕೈ ತೊಳೆಯುವಾಗ ಬಟನ್ ಹುಡುಗಿ ಚೊಂಬಿನಿಂದ ಅಕ್ಕನ ಕೈಗೆ ನೀರು ಹೊಯ್ಯುತ್ತಾ ಅಳತೊಡಗಿದಳು.

"ನಿನ್ ಮುಯ್ಯಿ ಇಟ್ಕಳಕಿಲ್ಲ ಅಕ್ಕ. ಯಾವಾಗ ಕರೀತೀಯ ಹೇಳು, ರಜಾ ಹಾಕಿ ಬತ್ತೀನಿ. ಒಂದ್ ದಿನ ಅಲ್ಲ, ಎರಡ್ ದಿನ ಗೇಯ್ತೀನಿ."

ಅಕ್ಕ ಕೈ ಒರೆಸಿಕೊಂಡಳು. ಬೈಯುವ ಧ್ವನಿಯಲ್ಲ, ಲೆಕ್ಕ ತಪ್ಪಿದವರಿಗೆ ತಿಳಿಹೇಳುವ ಧ್ವನಿ.

"ಬತ್ತೀಯ, ಸರಿ ಕಣೆ. ಹೊಲ ಇಲ್ಲ, ಹುಳ ಇಲ್ಲ, ಮೆಷಿನ್ನೂ ಇಲ್ಲ. ನಿನ್ ಕೈಲಿ ಮಾಡ್ಸಕ್ಕೆ ನನ್ ತಾವ ಕೆಲ್ಸ ಎಲ್ಲೈತೆ?"

ಹುಡುಗಿ ಚೊಂಬು ಹಿಡಿದುಕೊಂಡೇ ನಿಂತಿದ್ದಳು. ನಾವು ರಸ್ತೆಗೆ ಬಂದು ಕನಕಪುರದ ಬಸ್ಸಿಗೆ ಕಾದೆವು.